ಮೃದಂಗದ ಮೇಲೆ ಮರಳು ಉದುರಿಸಿದ ಸಿ.ವಿ. ರಾಮನ್

ಪ್ರತಿ ವರ್ಷ ಫೆಬ್ರುವರಿ 28 ಬಂತೆಂದರೆ ಪೇಟ ಸುತ್ತಿದ ಸಿ.ವಿ. ರಾಮನ್ ಅವರ ಫೋಟೊ ನಮ್ಮೆಲ್ಲರ ಮೊಬೈಲ್‌ಗಳಲ್ಲಿ ಓಡಾಡತೊಡಗುತ್ತದೆ. ಕೆಲವರು ಅದು ಅವರ ಹುಟ್ಟುಹಬ್ಬ ಎಂದುಕೊಂಡು ಶುಭಾಶಯ ಹಂಚುತ್ತಾರೆ. ಇನ್ನು ಕೆಲವರು ಸಮುದ್ರ ನೀಲಿಯಾಗಿ ಕಾಣಲು ರಾಮನ್ ಪರಿಣಾಮವೇ ಕಾರಣ ಎಂದು ಬರೆದು ಕಳಿಸುತ್ತಾರೆ. ಎರಡೂ ತಪ್ಪು. ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಫೆಬ್ರುವರಿ 28 ಅವರು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದ ದಿನ. ಅದರ ನೆನಪಿಗೆ 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಿದ್ದೇವೆ. ಸಮುದ್ರದ ಬಣ್ಣದ ವಿಚಾರಕ್ಕೆ ಮುಂದೆ ಬರೋಣ.

ಈ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಬ್ಬ ರಾಮನ್ ಇದ್ದಾರೆ. ಬೆಳಕಿನ ಕೆಲಸಕ್ಕೆ ನೊಬೆಲ್ ಪಡೆಯುವ ಮೊದಲು ಅವರು ವರ್ಷಗಟ್ಟಲೆ ಏಕತಾರಿ, ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ಹಿಂದೆ ಬಿದ್ದಿದ್ದರು. ಮನೆಯಲ್ಲಿ, ಕಛೇರಿಯಲ್ಲಿ, ಭಜನೆಯಲ್ಲಿ ನಾವು ಕೇಳುವ ನಾದವನ್ನೇ ಅವರು ಪ್ರಯೋಗಶಾಲೆಗೆ ಒಯ್ದರು. ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವುದಕ್ಕೂ ಅವರಿಗೆ ಏನು ಗೊತ್ತಿತ್ತು ಎಂದು ಅಳೆದು ನೋಡುವುದಕ್ಕೂ ಇರುವ ವ್ಯತ್ಯಾಸ ಏನು ಎಂಬುದು ಅವರ ಬದುಕಿನಿಂದ ನಮಗೆ ಚೆನ್ನಾಗಿ ತಿಳಿಯುತ್ತದೆ.

ಪಿಟೀಲಿನ ಮನೆ, ವೀಣೆಯ ಮನೆ

ರಾಮನ್ ಅವರ ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು. ಮನೆಯಲ್ಲಿ ಪಿಟೀಲು ನುಡಿಸುತ್ತಿದ್ದರು. ಅಣ್ಣ ಸಿ.ಎಸ್. ಅಯ್ಯರ್ ಕೂಡ ಪಿಟೀಲು ಬಲ್ಲವರು, ಕರ್ನಾಟಕ ಸಂಗೀತದ ಬಗ್ಗೆ ಪುಸ್ತಕ ಬರೆದವರು. ಆ ಅಣ್ಣನ ಮಗನೇ ನಕ್ಷತ್ರಗಳ ಕುರಿತ ಕೆಲಸಕ್ಕೆ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಮಗಳು ವಿದ್ಯಾ ಶಂಕರ್ ಹೆಸರಾಂತ ವೈಣಿಕರಾದರು. ಒಂದೇ ಕುಟುಂಬದಲ್ಲಿ ಲೆಕ್ಕದ ಪುಸ್ತಕವೂ ಶ್ರುತಿಯೂ ಅಕ್ಕಪಕ್ಕದಲ್ಲಿದ್ದವು.

ರಾಮನ್ 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗಲೇ, 1906ರಲ್ಲಿ, ಬೆಳಕಿನ ಕುರಿತ ಅವರ ಮೊದಲ ಪ್ರಬಂಧ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆ ದಿನಗಳಲ್ಲಿ ಅವರ ಮೇಲೆ ಗಾಢ ಪ್ರಭಾವ ಬೀರಿದ ಪುಸ್ತಕಗಳಲ್ಲಿ ಒಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನಾದ ಮತ್ತು ಕಿವಿಯ ಬಗ್ಗೆ ಬರೆದ ಗ್ರಂಥ.

1907ರಲ್ಲಿ ಲೋಕಸುಂದರಿ ಅವರೊಂದಿಗೆ ಮದುವೆಯಾಯಿತು. ಅವರು ವೀಣೆ ನುಡಿಸುತ್ತಿದ್ದರು. ರಾಮನ್ ಅವರನ್ನು ಮೊದಲು ಕಂಡಾಗ ವೀಣೆಯಲ್ಲಿ ತ್ಯಾಗರಾಜರ ಕೃತಿ ನುಡಿಯುತ್ತಿತ್ತು ಎಂಬ ಕಥೆ ರಾಮನ್ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ತಂದೆಯ ಪಿಟೀಲಿನ ಮನೆಯಲ್ಲಿ ಬೆಳೆದ ಹುಡುಗನಿಗೆ ಹೆಂಡತಿಯ ವೀಣೆ ಜೊತೆಯಾಯಿತು.

ಹಗಲು ಲೆಕ್ಕಪತ್ರ, ಸಂಜೆ ತಂತಿ

ಆ ಕಾಲದಲ್ಲಿ ವಿಜ್ಞಾನ ಹೊಟ್ಟೆ ತುಂಬಿಸುವ ಕೆಲಸವಾಗಿರಲಿಲ್ಲ. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅಲ್ಲಿನ ಬೌಬಜಾರ್ ಬೀದಿಯಲ್ಲಿ, ವೈದ್ಯ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ವಿಜ್ಞಾನ ಸಂಘವೊಂದಿತ್ತು. ಕಟ್ಟಡ, ಉಪಕರಣ ಎಲ್ಲ ಇದ್ದರೂ ಸಂಶೋಧನೆ ಮಾಡುವವರು ವಿರಳ. ರಾಮನ್ ಆಫೀಸಿಗೆ ಹೋಗುವ ಮುಂಚೆ ಬೆಳಗ್ಗೆ ಅಲ್ಲಿಗೆ, ಆಫೀಸು ಮುಗಿದ ಮೇಲೆ ಮತ್ತೆ ರಾತ್ರಿಯವರೆಗೆ ಅಲ್ಲಿಗೆ ಹೋಗತೊಡಗಿದರು. ಮಧ್ಯೆ ರಂಗೂನ್, ನಾಗಪುರಗಳಿಗೆ ವರ್ಗವಾದದ್ದು ಬಿಟ್ಟರೆ ಹತ್ತು ವರ್ಷ ಹೀಗೇ ನಡೆಯಿತು. ಮನೆಯ ಹೊರೆಯೆಲ್ಲ ಲೋಕಸುಂದರಿ ಅವರ ಮೇಲೆ ಬಿದ್ದಿತ್ತು ಎಂದು ಬೇರೆ ಹೇಳಬೇಕಿಲ್ಲ.

ಸಂಘದಲ್ಲಿ ಅವರಿಗೆ ಜೊತೆಯಾದವರು ಆಶುತೋಷ್ ಡೇ ಎಂಬ ಸಹಾಯಕ. ಡೇ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರ ಕೈಚಳಕವನ್ನು ಕಂಡ ರಾಮನ್, ಅವರೊಬ್ಬರ ಹೆಸರಿನಲ್ಲೇ ಪ್ರಬಂಧವೊಂದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರುವಂತೆ ನೋಡಿಕೊಂಡರು.

1909ರಲ್ಲಿ ರಾಮನ್ ಏಕತಾರಿಯ ಬಗ್ಗೆ ಬರೆದರು. ನಮ್ಮಲ್ಲಿ ತತ್ವಪದ ಹಾಡುವವರು, ಬಂಗಾಳದಲ್ಲಿ ಬಾವುಲರು ಮೀಟುವ ಆ ಒಂಟಿ ತಂತಿಯ ವಾದ್ಯವೇ ಅದು. ಆಮೇಲೆ ಪಿಟೀಲಿನ ಸರದಿ. ಕಮಾನು ಎಳೆಯುವ ವೇಗ, ಒತ್ತುವ ಬಲ ಬದಲಾದರೆ ನಾದ ಹೇಗೆ ಬದಲಾಗುತ್ತದೆ? ಮನುಷ್ಯರ ಕೈಯಲ್ಲಿ ಇದನ್ನು ಅಳೆಯುವುದು ಕಷ್ಟ. ಪ್ರತಿ ಸಲವೂ ಕೈ ಒಂದೇ ಹದದಲ್ಲಿ ಆಡುವುದಿಲ್ಲ. ಅದಕ್ಕೆ ರಾಮನ್ ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ನಿಂತಿರುತ್ತಿತ್ತು. ಪಿಟೀಲೇ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆ ಕೊಡಲು ಮುಂದಾದಾಗ ರಾಮನ್ ಹೆಚ್ಚು ಸಂಬಳದ ಸರ್ಕಾರಿ ಕೆಲಸ ಬಿಟ್ಟು ಕಡಿಮೆ ಸಂಬಳದ ವಿಜ್ಞಾನಕ್ಕೆ ಬಂದರು. ಮನೆ ಮಂದಿಯ ಒಪ್ಪಿಗೆಯಿಲ್ಲದೆ ಇಂಥ ನಿರ್ಧಾರಗಳು ಇಂದಿಗೂ ಸುಲಭವಲ್ಲ.

ತಂಬೂರಿಯ ನೂಲಿನ ಗುಟ್ಟು

ತಂಬೂರಿಯ ಪಕ್ಕ ಕೂತು ಕೇಳಿದವರಿಗೆ ಗೊತ್ತು, ಒಂದು ತಂತಿ ಮೀಟಿದರೂ ಒಂದು ಸ್ವರವಷ್ಟೇ ಕೇಳುವುದಿಲ್ಲ. ಚೆನ್ನಾಗಿ ಶ್ರುತಿ ಸೇರಿಸಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರವೂ ತೇಲಿ ಬರುತ್ತದೆ. ಇದು ಭ್ರಮೆಯಲ್ಲ. ತಂತಿ ಇಡೀ ಉದ್ದಕ್ಕೆ ಕಂಪಿಸುವಾಗಲೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು ಭಾಗವಾಗಿಯೂ ಕಂಪಿಸುತ್ತಿರುತ್ತದೆ. ಮೂಲ ಸ್ವರದ ಜೊತೆ ಹುಟ್ಟುವ ಈ ಸಣ್ಣ ಸ್ವರಗಳನ್ನು ಉಪಸ್ವರ ಎನ್ನೋಣ. ಮೂಲ ಸ್ವರದ ಐದು ಪಟ್ಟು ವೇಗದಲ್ಲಿ ಕಂಪಿಸುವ ಉಪಸ್ವರವೇ ಆ ಗಾಂಧಾರ.

ಆಗ ಯುರೋಪಿನಲ್ಲಿ ಒಪ್ಪಿದ್ದ ನಿಯಮ ಹೀಗಿತ್ತು: ಯಾವ ಉಪಸ್ವರಕ್ಕೆ ತಂತಿಯ ಯಾವ ಬಿಂದು ಅಲುಗಾಡದೆ ನಿಲ್ಲಬೇಕೋ ಅದೇ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟುವುದಿಲ್ಲ. ವೀಣೆ ಮತ್ತು ತಂಬೂರಿಗಳನ್ನು ಪರೀಕ್ಷಿಸಿದ ರಾಮನ್ 1921ರಲ್ಲಿ ಬೇರೆಯದೇ ವರದಿ ಕೊಟ್ಟರು. ಈ ವಾದ್ಯಗಳಲ್ಲಿ ಹುಟ್ಟಬಾರದ ಉಪಸ್ವರವೂ ಗಟ್ಟಿಯಾಗಿ ಕೇಳುತ್ತದೆ. ಕಾರಣ ಕುದುರೆಯಲ್ಲಿದೆ. ಪಿಟೀಲಿನ ಕುದುರೆಯ ಅಂಚು ತೆಳು, ತಂತಿ ಒಂದೇ ಬಿಂದುವಿನಲ್ಲಿ ಕೂರುತ್ತದೆ. ವೀಣೆ, ತಂಬೂರಿಗಳ ಕುದುರೆ ಅಗಲ, ಮೇಲ್ಮೈ ಸ್ವಲ್ಪ ಬಾಗಿರುತ್ತದೆ. ಕಂಪಿಸುವ ತಂತಿ ಅದನ್ನು ಸವರುತ್ತಾ ಬಿಡುತ್ತಾ ಇರುತ್ತದೆ. ತಂಬೂರಿಯಲ್ಲಿ ತಂತಿಯ ಕೆಳಗೆ ಸಣ್ಣ ನೂಲಿನ ಎಳೆ ಸೇರಿಸಿ ಈ ಸವರುವಿಕೆಯನ್ನು ಹದಕ್ಕೆ ತರುತ್ತಾರೆ. ಆ ಎಳೆಯನ್ನು ಸಂಗೀತಗಾರರು ಜೀವ ಎಂದು ಕರೆಯುವುದು ಸುಮ್ಮನೆ ಅಲ್ಲ.

ಮೃದಂಗ ಗದ್ದಲವಲ್ಲ, ಸ್ವರ

ತಂತಿಯ ಉಪಸ್ವರಗಳು 1, 2, 3, 4, 5 ಎಂಬ ಸರಳ ಲೆಕ್ಕದಲ್ಲಿ ಬರುತ್ತವೆ. ಅದಕ್ಕೇ ಅವು ಕಿವಿಗೆ ಇಂಪು. ಬಿಗಿದ ಚರ್ಮ ಹಾಗಲ್ಲ. ಎಲ್ಲೆಡೆ ಒಂದೇ ದಪ್ಪವಿರುವ ದುಂಡನೆಯ ಚರ್ಮವನ್ನು ಬಡಿದರೆ ಹುಟ್ಟುವ ಕಂಪನಗಳ ಲೆಕ್ಕ 1, 1.59, 2.14, 2.30, 2.65 ಹೀಗೆ ಅಂಕುಡೊಂಕು. ಒಂದಕ್ಕೊಂದು ಹೊಂದದ ಇಂಥ ಸದ್ದು ಸ್ವರವಾಗಿ ನಿಲ್ಲುವುದಿಲ್ಲ. ಚರ್ಮವಾದ್ಯಗಳು ತಾಳಕ್ಕೆ ಸರಿ, ಸ್ವರಕ್ಕಲ್ಲ ಎಂಬ ಅಭಿಪ್ರಾಯ ಹುಟ್ಟಿದ್ದು ಇದರಿಂದಲೇ.

ಆದರೆ ಮೃದಂಗವನ್ನು ಹಾಡುವವರ ಶ್ರುತಿಗೆ ಸೇರಿಸುತ್ತಾರಲ್ಲ! ತಬಲವನ್ನೂ ಅಷ್ಟೆ. ಸ್ವರವೇ ಇಲ್ಲದ ವಾದ್ಯವನ್ನು ಶ್ರುತಿ ಮಾಡುವುದು ಹೇಗೆ?

ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ರಾಮನ್ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಅದನ್ನು ಇನ್ನಷ್ಟು ವಿವರವಾಗಿ ಪ್ರಕಟಿಸಿದರು. ಅವರ ವಿಧಾನ ಯಾರಿಗೂ ಅರ್ಥವಾಗುವಂಥದ್ದು. ವಾದ್ಯದ ಚರ್ಮದ ಮೇಲೆ ನುಣುಪಾದ ಮರಳು ಉದುರಿಸಿ ಬಡಿಯುವುದು. ಚರ್ಮ ಅಲುಗುವ ಕಡೆಯಿಂದ ಮರಳು ಹಾರಿ, ಅಲುಗದ ಗೆರೆಗಳಲ್ಲಿ ಹೋಗಿ ಕೂರುತ್ತದೆ. ರಂಗೋಲಿಯಂತೆ ಮೂಡುವ ಆ ಚಿತ್ರದಿಂದ ಚರ್ಮ ಯಾವ ರೀತಿ ಕಂಪಿಸುತ್ತಿದೆ ಎಂದು ತಿಳಿಯುತ್ತದೆ.

ಗುಟ್ಟು ಇದ್ದದ್ದು ಬಲಮುಚ್ಚಿಗೆಯ ನಡುವಿನ ಕಪ್ಪು ವೃತ್ತದಲ್ಲಿ. ನಾವು ಕರಣೆ ಅಥವಾ ಕರ್ಣ ಎನ್ನುವುದು ಇದನ್ನೇ. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ನಾದಿ, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸುತ್ತಾರೆ. ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ಈ ತೂಕ ಚರ್ಮದ ಕಂಪನಗಳನ್ನು ತಿದ್ದುತ್ತದೆ. ಅಂಕುಡೊಂಕಾಗಿದ್ದ ಒಂಬತ್ತು ಬಗೆಯ ಕಂಪನಗಳು ಒಂದಕ್ಕೊಂದು ಕೂಡಿಕೊಂಡು 1, 2, 3, 4, 5 ಎಂಬ ಐದೇ ಸ್ವರಗಳಾಗಿ ಸಾಲುಗೂಡುತ್ತವೆ ಎಂದು ರಾಮನ್ ತೋರಿಸಿದರು. ಅಂದರೆ ಚರ್ಮ ತಂತಿಯಂತೆ ಹಾಡತೊಡಗುತ್ತದೆ.

ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಸಮೀಕರಣಗಳಿಲ್ಲದೆ, ಕಿವಿ ಮತ್ತು ಬೆರಳಿನಿಂದಲೇ ಸಾಧಿಸಿದವರು ಚರ್ಮ ಹದ ಮಾಡುವ, ವಾರು ಬಿಗಿಯುವ, ಕರಣೆ ತಿಕ್ಕುವ ಕುಶಲಕರ್ಮಿಗಳು. ತಲೆಮಾರುಗಳ ಕಾಲ ತಪ್ಪು ಮಾಡಿ, ಕೇಳಿ, ಕೆರೆದು, ಮತ್ತೆ ಹಚ್ಚಿ ಕಲಿತ ವಿದ್ಯೆ ಅದು. ಚರ್ಮದ ಕೆಲಸ ಮಾಡುವ ಕಾರಣಕ್ಕೇ ಸಮಾಜ ಅವರಲ್ಲಿ ಬಹುಮಂದಿಯನ್ನು ದೂರ ಇಟ್ಟಿತ್ತು. ವಿದ್ವಾಂಸರ ಹೆಸರು ಕಛೇರಿಯ ಕರಪತ್ರದಲ್ಲಿ ಬರುತ್ತದೆ, ವಾದ್ಯ ಮಾಡಿದವರ ಹೆಸರು ಬರುವುದು ಇಂದಿಗೂ ಅಪರೂಪ. ಪೂರ್ವಿಕರ ಜಾಣ್ಮೆಯ ಬಗ್ಗೆ ಹೆಮ್ಮೆಪಡುವಾಗ ಆ ಪೂರ್ವಿಕರು ಯಾರು ಎಂದೂ ನಾವು ಕೇಳಿಕೊಳ್ಳಬೇಕು.

ಇನ್ನೊಂದು ಎಚ್ಚರ. ಮೃದಂಗದ ನಾದ ಇಂಥ ರೋಗ ವಾಸಿ ಮಾಡುತ್ತದೆ ಎಂದು ರಾಮನ್ ಸಾಬೀತು ಮಾಡಿದ್ದರು ಎಂಬಂಥ ಸಂದೇಶ ನಿಮಗೆ ಬಂದರೆ ನಂಬಬೇಡಿ. ಅವರ ಈ ಪ್ರಬಂಧಗಳಲ್ಲಿ ಇರುವುದು ಚರ್ಮ ಮತ್ತು ಕಂಪನದ ಲೆಕ್ಕ. ಸಂಗೀತದಿಂದ ಮನಸ್ಸಿಗೆ ಸಮಾಧಾನ ಸಿಗುವುದು ಬೇರೆ, ಔಷಧಿ ಬಿಡುವುದು ಬೇರೆ.

ಸಮುದ್ರದ ನೀಲಿ: ಅರ್ಧ ಗೆಲುವು

1921ರಲ್ಲಿ ರಾಮನ್ ಮೊದಲ ಬಾರಿಗೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲೂ ಅವರ ಗಮನ ಹೋದದ್ದು ಸದ್ದಿನ ಕಡೆಗೇ. ನಮ್ಮ ವಿಜಯಪುರದ ಗೋಲಗುಮ್ಮಟದಲ್ಲಿರುವಂತೆ ಅಲ್ಲೂ ಒಂದು ಬದಿಯ ಪಿಸುಮಾತು ಇನ್ನೊಂದು ಬದಿಗೆ ಕೇಳುವ ಗ್ಯಾಲರಿ ಇದೆ. ಅದರ ಮೇಲೂ ಪ್ರಯೋಗ ಮಾಡಿದರು.

ಆ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದಿಟ್ಟಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೆ ಎಂದು ಹೆಸರಾಂತ ವಿಜ್ಞಾನಿ ರೇಲೀ ಹೇಳಿದ್ದರು. ಮರಳುವಾಗ ನಾರ್ಕುಂಡ ಎಂಬ ಹಡಗಿನಲ್ಲಿ ರಾಮನ್ ಇದನ್ನು ಪರೀಕ್ಷಿಸಿದರು. ಪ್ರತಿಫಲಿತ ಬೆಳಕನ್ನು ತಡೆಯುವ ಹರಳೊಂದರ ಮೂಲಕ ನೀರನ್ನು ನೋಡಿದರು. ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀಲಿ ನೀರಿನದ್ದೇ ಎಂದಾಯಿತು.

ನೀರಿನ ಅಣುಗಳು ಬೆಳಕನ್ನು ಚೆದುರಿಸುವುದೇ ಇದಕ್ಕೆ ಕಾರಣ ಎಂದು ರಾಮನ್ ತೀರ್ಮಾನಿಸಿದರು. ಇಲ್ಲಿ ಅವರು ಅರ್ಧ ಮಾತ್ರ ಸರಿ. ಮುಖ್ಯ ಕಾರಣ ನೀರು ಬೆಳಕಿನಲ್ಲಿರುವ ಕೆಂಪನ್ನು ಹೀರಿಕೊಳ್ಳುವುದು ಎಂದು ಈಗ ಗೊತ್ತಿದೆ. ಉಳಿದ ನೀಲಿ ಚೆದುರಿ ನಮ್ಮ ಕಣ್ಣಿಗೆ ಮರಳುತ್ತದೆ. ಲೋಟದ ನೀರಿನಲ್ಲಿ ಇದು ಕಾಣದು, ಆಳವಾದ ನೀರಿನಲ್ಲಿ ಎದ್ದು ಕಾಣುತ್ತದೆ. ನೀರು ಕೆಂಪನ್ನೇ ಏಕೆ ಹೀರುತ್ತದೆ? ನೀರಿನ ಅಣುವೂ ತಂತಿಯಂತೆ ಕಂಪಿಸುತ್ತದೆ, ಆ ಕಂಪನಕ್ಕೂ ಉಪಸ್ವರಗಳಿವೆ. ಆ ಉಪಸ್ವರಗಳು ಕೆಂಪು ಬೆಳಕಿನೊಂದಿಗೆ ಶ್ರುತಿ ಸೇರುತ್ತವೆ.

ಬೆಳಕಿನಲ್ಲಿ ಅಣುವಿನ ಶ್ರುತಿ

ಹಡಗಿನಲ್ಲಿ ಹುಟ್ಟಿದ ಪ್ರಶ್ನೆ ಏಳು ವರ್ಷ ಬೆಳೆಯಿತು. ದ್ರವಗಳ ಮೂಲಕ ಬೆಳಕು ಹಾಯಿಸಿ ನೋಡುವ ಕೆಲಸದಲ್ಲಿ ಶಿಷ್ಯರು ಕೈಜೋಡಿಸಿದರು. ಅವರಲ್ಲಿ ಮುಖ್ಯರು ಕೆ.ಎಸ್. ಕೃಷ್ಣನ್. 1928ರ ಫೆಬ್ರುವರಿಯಲ್ಲಿ ಅವರು ಕಂಡದ್ದು ಇಷ್ಟು: ಒಂದೇ ಬಣ್ಣದ ಬೆಳಕನ್ನು ಕಳಿಸಿದರೆ ಬಹುಪಾಲು ಅದೇ ಬಣ್ಣದಲ್ಲಿ ಚೆದುರುತ್ತದೆ. ಎಲ್ಲೋ ಕೋಟಿಗೊಂದರಷ್ಟು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಗಿದೆ ಎಂಬುದು ಅಣು ಹೇಗೆ ಕಂಪಿಸುತ್ತದೆ ಎಂಬುದರ ಮೇಲೆ ನಿಂತಿದೆ. ಇದೇ ರಾಮನ್ ಪರಿಣಾಮ. ಸಮುದ್ರವನ್ನು ನೀಲಿಯಾಗಿಸುವಷ್ಟು ಬಲ ಅದಕ್ಕಿಲ್ಲ. ಆದರೆ ಪ್ರತಿ ವಸ್ತುವಿನ ಗುರುತು ಅದರಲ್ಲಿ ಸಿಗುತ್ತದೆ. ಮೃದಂಗಕ್ಕೂ ತಬಲಕ್ಕೂ ನಾದ ಬೇರೆ ಇರುವಂತೆ ಪ್ರತಿ ಅಣುವಿಗೂ ತನ್ನದೇ ಕಂಪನ ಇದೆ.

ಈ ಶೋಧವನ್ನು ರಾಮನ್ ಆ ವರ್ಷ ಮಾರ್ಚ್ 16ರಂದು ಬೆಂಗಳೂರಿನ ಸಭೆಯೊಂದರಲ್ಲಿ ವಿವರಿಸಿದರು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಮಾಂಡೆಲ್‌ಸ್ಟಾಮ್ ಮತ್ತು ಲ್ಯಾಂಡ್ಸ್‌ಬರ್ಗ್ ಕೂಡ ಸ್ವತಂತ್ರವಾಗಿ ಇದನ್ನು ಹರಳುಗಳಲ್ಲಿ ಕಂಡಿದ್ದರು. 1930ರ ನೊಬೆಲ್ ರಾಮನ್ ಅವರಿಗೆ ಬಂತು.

ಇಂದು ಲೇಸರ್ ಬೆಳಕಿನಿಂದ ಔಷಧಿ, ಹರಳು, ಬಣ್ಣಗಳನ್ನು ಕೆಡಿಸದೆ ಪರೀಕ್ಷಿಸಲು ಇದನ್ನೇ ಬಳಸುತ್ತಾರೆ. ಕಲೆಗೂ ಇದು ಕಾವಲುಗಾರ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 15ನೇ ಶತಮಾನದ್ದೆಂದು ಹೇಳಲಾಗಿದ್ದ ವಿನ್‌ಲ್ಯಾಂಡ್ ನಕ್ಷೆ ಇತ್ತು. 2002ರಲ್ಲಿ ಲಂಡನ್ನಿನ ವಿಜ್ಞಾನಿಗಳು ರಾಮನ್ ವಿಧಾನದಿಂದ ಅದರ ಶಾಯಿ ನೋಡಿದಾಗ 20ನೇ ಶತಮಾನದಲ್ಲಷ್ಟೇ ತಯಾರಿಸತೊಡಗಿದ ಟೈಟಾನಿಯಂ ಬಣ್ಣವೊಂದು ಸಿಕ್ಕಿತು. ಮತ್ತಷ್ಟು ಪರೀಕ್ಷೆಗಳ ನಂತರ 2021ರಲ್ಲಿ ಯೇಲ್ ಅದನ್ನು ನಕಲಿ ಎಂದು ಒಪ್ಪಿಕೊಂಡಿತು.

ಬೆಂಗಳೂರಿನ ರಾಮನ್

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕರು.

ಅದೇ ವರ್ಷದ ಇನ್ನೊಂದು ಘಟನೆಯನ್ನೂ ಹೇಳಬೇಕು. ಮುಂಬಯಿಯಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾಗಿದ್ದ ಕಮಲಾ ಭಾಗವತ್ ಪ್ರವೇಶ ಕೇಳಿದಾಗ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಅವರ ಕೆಲಸ ಕಂಡ ಮೇಲೆ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಆಮೇಲೆ ಅಣ್ಣಾ ಮಣಿಯವರಂಥ ಸಂಶೋಧಕಿಯರು ರಾಮನ್ ಪ್ರಯೋಗಶಾಲೆಯಲ್ಲೇ ಕೆಲಸ ಮಾಡಿದರು. ಮರಳಿನ ಗೆರೆಗಳನ್ನು ಪೂರ್ವಗ್ರಹವಿಲ್ಲದೆ ಓದಿದ ಕಣ್ಣು ಎದುರು ನಿಂತ ಹುಡುಗಿಯ ವಿಷಯದಲ್ಲಿ ಎಡವಿತ್ತು. ದೊಡ್ಡವರ ಜೀವನ ಓದುವಾಗ ಇದನ್ನು ಮುಚ್ಚಿಡುವುದು ಅವರಿಗೆ ತೋರುವ ಗೌರವವಲ್ಲ.

1934ರಲ್ಲೇ ರಾಮನ್ ನೀಲಕಂಠ ಹಕ್ಕಿಯ ಗರಿಗಳ ಬಗ್ಗೆ ಬರೆದರು. ಈಗ ನಮ್ಮ ರಾಜ್ಯಪಕ್ಷಿಯಾಗಿರುವ ಈ ಹಕ್ಕಿಯ ಗರಿಯಲ್ಲಿ ನೀಲಿ ಬಣ್ಣದ ಪುಡಿ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕಿನಿಂದ ನೀಲಿಯನ್ನು ಆರಿಸಿ ಹೊರಹಾಕುತ್ತದೆ. ಮುಂದೆ ವಜ್ರ, ಚಿಪ್ಪು, ಹೂವುಗಳ ಬಣ್ಣವೂ ಅವರ ಮೇಜಿಗೆ ಬಂದವು. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿ, ಕೊನೆಯವರೆಗೂ ಅಲ್ಲೇ ದುಡಿದರು. 1954ರಲ್ಲಿ ಭಾರತರತ್ನ ಬಂತು.

ಪ್ರತಿ ಗಾಂಧಿ ಜಯಂತಿಯಂದು ಅಲ್ಲಿ ಅವರು ಉಪನ್ಯಾಸ ಕೊಡುತ್ತಿದ್ದರು. 1970ರ ಅಕ್ಟೋಬರ್ 2ರಂದು ಅವರು ಮಾತಾಡಿದ್ದು ಕಿವಿಯ ಬಗ್ಗೆ, ನಾವು ಸದ್ದನ್ನು ಗ್ರಹಿಸುವ ಬಗೆಯ ಬಗ್ಗೆ. ಅದೇ ಕೊನೆಯ ಉಪನ್ಯಾಸ. ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನವಾಯಿತು. ಸಮಾಧಿ ಕಟ್ಟಲಿಲ್ಲ, ಆ ಜಾಗದಲ್ಲಿ ಮರವೊಂದಿದೆ.

ನೀವೂ ಮಾಡಿ ನೋಡಿ

ಈ ಲೇಖನವನ್ನು ಹಂಚುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಒಂದು ಸಣ್ಣ ಪ್ರಯೋಗ ಮಾಡಿ. ಒಂದು ಸ್ಟೀಲ್ ಬಟ್ಟಲಿನ ಬಾಯಿಗೆ ಕತ್ತರಿಸಿದ ಬಲೂನನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಬಲೂನಿನ ಚೂರು ಪುಟ್ಟ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಮೇಲೆ ಸಣ್ಣ ರವೆ ಉದುರಿಸಿ, ಹತ್ತಿರ ಬಾಯಿಟ್ಟು ಜೋರಾಗಿ ಒಂದು ಸ್ವರ ಎಳೆಯಿರಿ. ಸ್ವರ ಏರಿಸಿ, ಇಳಿಸಿ. ಯಾವುದೋ ಒಂದು ಸ್ವರಕ್ಕೆ ರವೆ ಕುಣಿದು ಗೆರೆಗಳಲ್ಲಿ ಸೇರುತ್ತದೆ. ಆಮೇಲೆ ರವೆ ಕೊಡವಿ, ಬಲೂನನ್ನು ಬೆರಳಿನಿಂದ ತಟ್ಟಿ ಕೇಳಿ. ನಡುವೆ ಸ್ವಲ್ಪ ಗೋಧಿ ಹಿಟ್ಟಿನ ಮುದ್ದೆ ಮೆತ್ತಿ ಮತ್ತೆ ತಟ್ಟಿ. ಸದ್ದು ತಗ್ಗಿ ಬೇರೆಯಾಗುತ್ತದೆ. ಮೃದಂಗದ ಎಡಮುಚ್ಚಿಗೆಗೆ ಕಛೇರಿಯ ಮುನ್ನ ರವೆಯ ಹಿಟ್ಟು ಮೆತ್ತುವುದೂ ಇದಕ್ಕೇ.

ನಮ್ಮ ಸಂಪ್ರದಾಯದಲ್ಲಿ ವಿಜ್ಞಾನ ಇದೆಯೇ ಎಂಬ ವಾದ ಗ್ರೂಪಿನಲ್ಲಿ ಇನ್ನೊಮ್ಮೆ ಎದ್ದರೆ ಈ ಬಟ್ಟಲಿನ ವಿಡಿಯೊ ಕಳಿಸಿ. ಯಾವುದನ್ನು ಹೀಗೆ ಕಣ್ಣೆದುರು ಪರೀಕ್ಷಿಸಿ ತೋರಿಸಬಹುದೋ ಅದರ ಬಗ್ಗೆ ಧೈರ್ಯವಾಗಿ ಹೆಮ್ಮೆಪಡೋಣ. ಉಳಿದದ್ದನ್ನು ಪರೀಕ್ಷೆ ಆಗುವವರೆಗೆ ಫಾರ್ವರ್ಡ್ ಮಾಡದೆ ಇಟ್ಟುಕೊಳ್ಳೋಣ.